ಪಿಜ್ಜಾ ಹೋಯಿತು, ಪೊಟ್ಟಣ ಉಳಿಯಿತು

ಕಳೆದ ತಿಂಗಳು ನಮ್ಮ ಮನೆಯ ಫ್ರಿಜ್ಜು ಕೆಟ್ಟಿತು. ರಿಪೇರಿಯವನು ಬರುವ ಮುನ್ನ ಒಳಗಿನ ಸಾಮಾನನ್ನೆಲ್ಲ ಹೊರಗಿಡುವ ಕೆಲಸ ನಮ್ಮ ಪಾಲಿಗೆ ಬಂತು. ಬಾಗಿಲಿನ ಒಳಬದಿಯಲ್ಲಿ ಮೊಟ್ಟೆ ಇಡಲು ಮಾಡಿದ ಗುಳಿಗಳಿರುತ್ತವೆಯಲ್ಲ, ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲವಾದ್ದರಿಂದ ಆ ಜಾಗ ಸದಾ ಬೇರೆ ಯಾವುದಕ್ಕೋ ಮೀಸಲು. ಅಲ್ಲಿಗೆ ಕೈ ಹಾಕಿದರೆ ಹಿಡಿ ಹಿಡಿಯಾಗಿ ಬಂದದ್ದು ಪುಟ್ಟ ಪೊಟ್ಟಣಗಳು. ಕೆಲಸ ಬಿಟ್ಟು ಎಣಿಸಲು ಕುಳಿತೆವು. ಓರೆಗಾನೊ 31, ಚಿಲ್ಲಿ ಫ್ಲೇಕ್ಸ್ 22, ಟೊಮೆಟೊ ಕೆಚಪ್ 9, ಯಾವುದೋ ವಿಮಾನದಿಂದ ಬಂದ ಕಾಳುಮೆಣಸಿನ ಪುಡಿ ಒಂದು. ಒಟ್ಟು 63. ಹೋಟೆಲ್ ನಡೆಸುವವನ ಮನೆಯಲ್ಲೇ ಹೊರಗಿನ ಪಿಜ್ಜಾದ ಇಷ್ಟೊಂದು ಪುರಾವೆ ಸಿಕ್ಕಿತೆಂದರೆ ಇನ್ನು ಗಿರಾಕಿಗಳ ಮನೆಯ ಸ್ಥಿತಿ ಏನಿರಬಹುದು? "ಬಿಸಾಡಬೇಡಿ, ಬೇಕಾಗುತ್ತದೆ" ಎಂದು ಮನೆಯಾಕೆ ಒಳಗಿನಿಂದಲೇ ಕೂಗಿದರು.

ಬೇಕಾಗುತ್ತದೆ ಎಂದರೆ ಯಾವುದಕ್ಕೆ? ಈ ಪ್ರಶ್ನೆಯನ್ನು ನಾವು ಕಾರ್ಯಕಾರಿ ಸಮಿತಿಯ ಸಭೆ ಮುಗಿದ ಮೇಲೆ ಚಹಾದ ಹೊತ್ತಿಗೆ ಸುಮ್ಮನೆ ಎತ್ತಿದೆವು. ಬಾಡಿಗೆ, ಲೈಸೆನ್ಸ್, ಗ್ಯಾಸಿನ ದರದ ಬಗ್ಗೆ ಎರಡು ಗಂಟೆ ಮಾತಾಡಿ ದಣಿದಿದ್ದ ಸದಸ್ಯರೆಲ್ಲ ಒಮ್ಮೆಲೇ ಚುರುಕಾದರು. ಎಲ್ಲರ ಮನೆಯಲ್ಲೂ ಒಂದು ಡಬ್ಬ ಇದೆ. ಕೆಲವರಲ್ಲಿ ಹಾರ್ಲಿಕ್ಸ್ ಬಾಟಲಿ, ಕೆಲವರಲ್ಲಿ ದೀಪಾವಳಿಗೆ ಬಂದ ಡ್ರೈಫ್ರೂಟ್ ಪೆಟ್ಟಿಗೆ, ಇನ್ನು ಕೆಲವರಲ್ಲಿ ಅಡುಗೆಮನೆಯ ಮೂರನೆಯ ಡ್ರಾಯರು. ಆಮೇಲೆ ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಯ ಮಿತ್ರರಿಗೂ ಫೋನು ಮಾಡಿ ಕೇಳಿದೆವು. ಊರು ಬೇರೆಯಾದರೂ ಡಬ್ಬ ಒಂದೇ.

ಮೊದಲ ಸ್ಥಾನ ಮ್ಯಾಗಿಗೆ, ಅದರಲ್ಲಿ ಚರ್ಚೆಯಿಲ್ಲ. ಎರಡನೆಯದು ಬೆಣ್ಣೆ ಹಚ್ಚಿದ ಬ್ರೆಡ್ ಟೋಸ್ಟ್. ಆಮೇಲೆ ಆಮ್ಲೆಟ್, ಪಾಪ್‌ಕಾರ್ನ್, ಬೇಯಿಸಿದ ಜೋಳ, ಹುರಿದ ಆಲೂಗಡ್ಡೆ. ಹೈದರಾಬಾದಿನ ಮಿತ್ರರೊಬ್ಬರ ಮಗ ಹಾಸ್ಟೆಲಿನಲ್ಲಿದ್ದಾಗ ಮೆಸ್ಸಿನ ಸಪ್ಪೆ ಬೇಳೆಗೆ ಚಿಲ್ಲಿ ಫ್ಲೇಕ್ಸ್ ಸುರಿದುಕೊಂಡೇ ನಾಲ್ಕು ವರ್ಷ ಕಳೆದನಂತೆ. ಅಲ್ಲಿ ಎರಡು ಪೊಟ್ಟಣ ಕೊಟ್ಟರೆ ಒಂದು ಬಕೆಟ್ ಬಿಸಿನೀರು ತಂದುಕೊಡುವ ವ್ಯವಹಾರವೂ ನಡೆಯುತ್ತಿತ್ತಂತೆ. ಪುಣೆಯವರೊಬ್ಬರು ಸಿಂಹಗಡ ಹತ್ತುವಾಗ ಕಿಸೆಯಲ್ಲಿ ನಾಲ್ಕು ಇಟ್ಟುಕೊಂಡು ಹೋಗಿ ಸೌತೆಕಾಯಿಗೆ ಉದುರಿಸಿಕೊಳ್ಳುತ್ತಾರೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವಾಗ ಚಪಾತಿ ಸುರುಳಿಗೆ ಕೆಚಪ್ ಪೊಟ್ಟಣ ಹಿಂಡಿಕೊಳ್ಳುವುದಂತೂ ನಾವೇ ಕಣ್ಣಾರೆ ಕಂಡದ್ದು. ಉಡುಪಿ ಕಡೆಯ ಸದಸ್ಯರೊಬ್ಬರು ಹಲಸಿನ ಹಪ್ಪಳಕ್ಕೆ ಎರಡು ತೊಟ್ಟು ತೆಂಗಿನೆಣ್ಣೆ ಸವರಿ ಮೇಲೆ ಚಿಲ್ಲಿ ಫ್ಲೇಕ್ಸ್ ಉದುರಿಸಿದರೆ ಅದರ ಮುಂದೆ ಬೇರೆ ಯಾವುದೂ ಇಲ್ಲ ಎಂದರು. ಈ ವಿಧಾನವನ್ನು ಪರೀಕ್ಷಿಸಿ ನೋಡಿದೆವು. ಅವರು ಹೇಳಿದ್ದು ಸುಳ್ಳಲ್ಲ.

ತಿನ್ನುವುದನ್ನು ಬಿಟ್ಟು ಬೇರೆ ಉಪಯೋಗಗಳೂ ಇವೆ. ಚೆನ್ನೈಯ ಮಿತ್ರರ ಮಗಳು ಪೊಟ್ಟಣದೊಳಗಿನ ಮೆಣಸಿನ ಬೀಜ ಆರಿಸಿ ಬಾಲ್ಕನಿಯ ಕುಂಡದಲ್ಲಿ ಬಿತ್ತಿದಳು. ಎರಡು ಮೊಳಕೆ ಬಂದವು, ಒಂದು ಗಿಡವಾಯಿತು. ಮುಂಬಯಿಯ ಇನ್ನೊಬ್ಬರು ಪಾರಿವಾಳದ ಕಾಟ ತಡೆಯಲಾರದೆ ಕಿಟಕಿಯ ಗ್ರಿಲ್ಲಿನ ಕೆಳಗೆ ಹತ್ತು ಪೊಟ್ಟಣ ಚಿಲ್ಲಿ ಫ್ಲೇಕ್ಸ್ ಸುರಿದರು. ಮರುದಿನ ಪಾರಿವಾಳಗಳು ಅದನ್ನೂ ಹೆಕ್ಕಿ ತಿಂದು ಮುಗಿಸಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ಅಂಶ ನಮ್ಮ ನಾಲಿಗೆಗೂ ಇಲಿ, ಅಳಿಲುಗಳಿಗೂ ಉರಿ ಹತ್ತಿಸುತ್ತದೆ, ಹಕ್ಕಿಗಳಿಗೆ ಅದು ತಾಗುವುದೇ ಇಲ್ಲ. ಕಾಡಿನಲ್ಲಿ ಮೆಣಸಿನ ಬೀಜವನ್ನು ದೂರ ದೂರ ಹರಡುವುದು ಹಕ್ಕಿಗಳೇ ತಾನೇ?

ಇನ್ನು ಓರೆಗಾನೊದ ವಿಷಯ. ನಮ್ಮ ಮನೆಯ ಮಕ್ಕಳು ಒಮ್ಮೆ ರಜೆಗೆ ಊರಿಗೆ ಹೋದಾಗ ಇಪ್ಪತ್ತು ಪೊಟ್ಟಣ ಕಟ್ಟಿಕೊಂಡು ಹೋಗಿ ಅಜ್ಜಿ ಹುಯ್ದುಕೊಟ್ಟ ನೀರುದೋಸೆಯ ಮೇಲೆ ಉದುರಿಸಿಕೊಂಡವು. ಅಜ್ಜಿ ಒಂದು ಚಿಟಿಕೆ ತೆಗೆದು ಮೂಸಿ, "ಇದಕ್ಕೆ ದುಡ್ಡು ಕೊಟ್ಟಿರೇನೋ? ಹಿತ್ತಿಲ ಸಾಂಬಾರಬಳ್ಳಿ ಒಣಗಿಸಿದರೆ ಇದೇ ವಾಸನೆ ಬರುತ್ತದಲ್ಲ" ಎಂದರು. ಎಲ್ಲರೂ ನಕ್ಕರು. ಆದರೆ ಅಜ್ಜಿಯ ಮೂಗು ತಪ್ಪಿರಲಿಲ್ಲ. ಸಾಂಬಾರಬಳ್ಳಿ ಎಂದರೆ ಮೈಸೂರು ಕಡೆಯವರ ದೊಡ್ಡಪತ್ರೆ. ತಂಬುಳಿ ಮಾಡುತ್ತೇವೆ, ಬೋಂಡ ಕರಿಯುತ್ತೇವೆ, ಮಕ್ಕಳಿಗೆ ಶೀತವಾದರೆ ಎಲೆ ಬಾಡಿಸಿ ರಸ ಕೊಡುತ್ತೇವೆ. ಆ ಎಲೆಯಲ್ಲಿಯೂ ಓಮದ ಕಾಳಿನಲ್ಲಿಯೂ ಓರೆಗಾನೊದಲ್ಲಿಯೂ ಇರುವ ಸುಗಂಧ ತೈಲಗಳು ಬಹುಮಟ್ಟಿಗೆ ಒಂದೇ: ಥೈಮಾಲ್ ಮತ್ತು ಕಾರ್ವಕ್ರಾಲ್. ದೊಡ್ಡಪತ್ರೆಯನ್ನು ಪರದೇಶಗಳಲ್ಲಿ ಕ್ಯೂಬಾದ ಓರೆಗಾನೊ ಎಂದೇ ಕರೆಯುವವರಿದ್ದಾರೆ. ನಿಜವಾದ ಓರೆಗಾನೊ ತುಳಸಿ, ಪುದೀನದ ಕುಟುಂಬಕ್ಕೆ ಸೇರಿದ ಬೇರೆ ಗಿಡ. ಅದನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ತುರ್ಕಿ. ನಮ್ಮ ಹಿಮಾಲಯದ ತಪ್ಪಲಲ್ಲೂ ಕಾಶ್ಮೀರದಿಂದ ಉತ್ತರಾಖಂಡದವರೆಗೆ ಅದೇ ಜಾತಿಯ ಗಿಡ ಕಾಡಾಗಿ ಬೆಳೆಯುತ್ತದೆ. ಅಲ್ಲಿನ ಜನ ಅದನ್ನು ಬನ ತುಳಸಿ ಎನ್ನುತ್ತಾರೆ.

ಇಟಲಿಯಲ್ಲಿ ಓರೆಗಾನೊ ಪೊಟ್ಟಣದಲ್ಲಿ ಬರುವ ವಸ್ತುವಲ್ಲ. ಅಲ್ಲಿನ ಮರಿನಾರಾ ಪಿಜ್ಜಾಕ್ಕೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆಯ ಜೊತೆಗೆ ಓರೆಗಾನೊ ಹಾಕಿಯೇ ಒಲೆಗೆ ಕೊಡುತ್ತಾರೆ. ಮೇಜಿನ ಮೇಲೆ ಡಬ್ಬಿ ಇಟ್ಟು ಗಿರಾಕಿಯೇ ಉದುರಿಸಿಕೊಳ್ಳುವ ರೂಢಿ ಬೆಳೆದದ್ದು ಅಮೆರಿಕದ ಪಿಜ್ಜಾ ಅಂಗಡಿಗಳಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿದ್ದು ಮರಳಿದ ಸೈನಿಕರು ಆ ರುಚಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು ಎನ್ನುತ್ತಾರೆ. 1958ರಲ್ಲಿ ಪಿಜ್ಜಾ ಹಟ್, 1960ರಲ್ಲಿ ಡೊಮಿನೋಸ್ ಅಲ್ಲಿ ಹುಟ್ಟಿದವು. ಪಿಜ್ಜಾ ಮನೆಗೆ ಹೋಗತೊಡಗಿದಾಗ ಮೇಜಿನ ಡಬ್ಬಿ ಜೊತೆಗೆ ಹೋಗಲಾರದು, ಆದ್ದರಿಂದ ಪೊಟ್ಟಣ ಬೇಕಾಯಿತು. ಕೆಚಪ್ಪಿನ ಪುಟ್ಟ ಪೊಟ್ಟಣವನ್ನು ಹೈಂಜ್ ಕಂಪನಿ ಹೊರತಂದದ್ದು 1968ರಲ್ಲಿ. 2021ರಲ್ಲಿ ಕೊರೊನಾದಿಂದಾಗಿ ಅಮೆರಿಕದ ಹೋಟೆಲುಗಳೆಲ್ಲ ಪಾರ್ಸೆಲ್ಲಿಗೆ ಇಳಿದಾಗ ಅಲ್ಲಿ ಕೆಚಪ್ ಪೊಟ್ಟಣಕ್ಕೇ ಬರ ಬಂತು. ಉತ್ಪಾದನೆಯನ್ನು ಶೇಕಡಾ 25ರಷ್ಟು ಹೆಚ್ಚಿಸಿ ವರ್ಷಕ್ಕೆ 1200 ಕೋಟಿಗೂ ಮಿಕ್ಕಿ ಪೊಟ್ಟಣ ಮಾಡುತ್ತೇವೆಂದು ಆ ಕಂಪನಿ ಹೇಳಬೇಕಾಯಿತು.

ನಮ್ಮ ದೇಶಕ್ಕೆ ಪೊಟ್ಟಣದ ವ್ಯಾಪಾರ ಹೊಸದೇನಲ್ಲ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅವರು 1970ರ ದಶಕದಲ್ಲಿಯೇ ಶಾಂಪೂವನ್ನು ಪೊಟ್ಟಣಕ್ಕೆ ತುಂಬಿದರು. ಬಾಟಲಿ ಕೊಳ್ಳಲಾರದವನಿಗೆ ಒಂದು ಸ್ನಾನಕ್ಕಾಗುವಷ್ಟು ಎಂಬುದು ಅವರ ಲೆಕ್ಕ. ಪಿಜ್ಜಾದ ಪೊಟ್ಟಣದ ಲೆಕ್ಕ ಇದಕ್ಕೆ ತಿರುಗುಮುರುಗು. ಇಲ್ಲಿ ಯಾರೂ ಅದನ್ನು ಕೊಳ್ಳುವುದಿಲ್ಲ. ಪುಕ್ಕಟೆ ಬಂದದ್ದನ್ನು ಬಿಸಾಡಲು ಮನಸ್ಸು ಬಾರದೆ ಕೂಡಿಡುತ್ತೇವೆ.

1996ರ ಜನವರಿಯಲ್ಲಿ ದಿಲ್ಲಿಯಲ್ಲಿ ಡೊಮಿನೋಸಿನ ಮೊದಲ ಮಳಿಗೆ, ಅದೇ ವರ್ಷ ಬೆಂಗಳೂರಿನಲ್ಲಿ ಪಿಜ್ಜಾ ಹಟ್ಟಿನ ಮೊದಲ ಮಳಿಗೆ ತೆರೆಯಿತು. ಅದಕ್ಕೂ ಮೊದಲು ನಮ್ಮ ಉಡುಪಿ ಹೋಟೆಲುಗಳಲ್ಲಿ ಪಿಜ್ಜಾ ಇರಲಿಲ್ಲವೆಂದು ತಿಳಿಯಬಾರದು. ಬೇಕರಿಯ ದಪ್ಪ ರೊಟ್ಟಿ, ಅದರ ಮೇಲೆ ಸಿಹಿ ಕೆಚಪ್, ಈರುಳ್ಳಿ, ದೊಣ್ಣೆಮೆಣಸು, ಮೇಲೆ ತುರಿದ ಅಮುಲ್ ಚೀಸು. ತವೆಯ ಮೇಲಿಟ್ಟು ಪಾತ್ರೆ ಮುಚ್ಚಿದರೆ ಮುಗಿಯಿತು. ಓರೆಗಾನೊ ಎಂಬ ಹೆಸರು ಆಗ ಭಟ್ಟರಿಗೂ ಗೊತ್ತಿರಲಿಲ್ಲ, ತಿನ್ನುವವರಿಗೂ ಗೊತ್ತಿರಲಿಲ್ಲ. ಇಂದು ಅದೇ ಹೋಟೆಲಿನ ಗಲ್ಲೆಯ ಮುಂದೆ ಆರು ವರ್ಷದ ಮಗು ನಿಂತು "ಅಂಕಲ್, ಎಕ್ಸ್‌ಟ್ರಾ ಓರೆಗಾನೊ" ಎಂದು ಕೈ ಚಾಚುತ್ತದೆ. ಕೊಡದಿದ್ದರೆ ಅಪ್ಪ ಅಮ್ಮ ಮುಖ ದಪ್ಪ ಮಾಡುತ್ತಾರೆ.

ಇಲ್ಲಿಗೆ ಡಬ್ಬದ ಕಥೆ ನಮ್ಮ ಗಲ್ಲೆಗೆ ಬಂದು ಮುಟ್ಟಿತು. ಒಂದು ಪೊಟ್ಟಣಕ್ಕೆ ಸಗಟು ದರದಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ನೂರು ಪಾರ್ಸೆಲ್, ಒಂದೊಂದಕ್ಕೆ ನಾಲ್ಕು ಪೊಟ್ಟಣ. ತಿಂಗಳಿಗೆ 12 ಸಾವಿರ ರೂಪಾಯಿ. ಅದರಲ್ಲಿ ಅರ್ಧಕ್ಕರ್ಧ ಗಿರಾಕಿಯ ಫ್ರಿಜ್ಜಿನಲ್ಲಿ ಮಲಗಿರುತ್ತದೆ. ಇದರ ಮೇಲೆ ಇನ್ನೊಂದು ಹೊರೆ ಇದೆ. 2017ರ ನವೆಂಬರ್ 15ರಿಂದ ನಾವು ಶೇಕಡಾ 5ರ ಜಿಎಸ್‌ಟಿಯಲ್ಲಿದ್ದೇವೆ, ಆದರೆ ಕೊಂಡ ಸಾಮಾನಿನ ಮೇಲೆ ತೆತ್ತ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ. ಪೊಟ್ಟಣಕ್ಕೆ, ಡಬ್ಬಿಗೆ, ಚೀಲಕ್ಕೆ ಕೊಟ್ಟ ತೆರಿಗೆಯೆಲ್ಲ ನೇರ ಖರ್ಚೇ. ಚಟ್ನಿ, ಸಾಂಬಾರಿನ ಪಾರ್ಸೆಲ್ಲಿನಲ್ಲಿ ಒಂದು ಪೈಸೆ ಉಳಿಸಲು ನೂಲಿನ ಗಂಟು ಹಾಕುತ್ತಿದ್ದ ತಲೆಮಾರಿನವರು ನಾವು. ಪೊಟ್ಟಣ ಎಂದರೆ ಮಾತ್ರ ಹಿಡಿ ತುಂಬ ಎತ್ತಿ ಹಾಕುತ್ತೇವೆ. ಪಾರ್ಸೆಲ್ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಗಿರಾಕಿ ಜಗಳವಾಡಿದರೆ ಬೈಗುಳ ತಿನ್ನುವವರು ಅವರು.

ಆದರೆ ನಾವು ಈ ಲೇಖನ ಬರೆಯಲು ಕುಳಿತದ್ದು ಹಣದ ಲೆಕ್ಕಕ್ಕಾಗಿ ಅಲ್ಲ. ನಮ್ಮಲ್ಲೊಬ್ಬರ ಹೋಟೆಲಿನಲ್ಲಿ ನಡೆದ ಒಂದು ಸಂಗತಿಗಾಗಿ.

ಹೋಟೆಲು ಇರುವುದು ಮುಂಬಯಿಯ ಒಂದು ಉಪನಗರದಲ್ಲಿ. ಸುತ್ತಮುತ್ತ ಗುಜರಾತಿ ಬಂಧುಗಳ ವಸತಿ ಹೆಚ್ಚು. ಅಲ್ಲಿ ಜೈನ್ ಪಾವ್‌ಭಾಜಿ, ಜೈನ್ ಪಿಜ್ಜಾ ಇಲ್ಲದೆ ವ್ಯಾಪಾರವೇ ಇಲ್ಲ. ಬೇರೆ ತವೆ, ಬೇರೆ ಸೌಟು, ಭಾಜಿಗೆ ಆಲೂಗಡ್ಡೆಯ ಬದಲು ಬಾಳೆಕಾಯಿ. ಇಷ್ಟನ್ನೂ ಆ ಮಾಲೀಕರು ಇಪ್ಪತ್ತು ವರ್ಷಗಳಿಂದ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವರು. ಚಾತುರ್ಮಾಸದ ಒಂದು ಬೆಳಿಗ್ಗೆ ಹಳೆಯ ಗಿರಾಕಿ, ಅರವತ್ತು ದಾಟಿದ ತಾಯಿಯೊಬ್ಬರು ಬಂದು ಗಲ್ಲೆಯ ಮೇಲೆ ಒಂದು ಪೊಟ್ಟಣ ಇಟ್ಟರು. "ಅಣ್ಣಾ, ಇಸ್‌ಮೇ ಲಸಣ್ ಹೈ ಕ್ಯಾ?" ಎಂದು ಕೇಳಿದರು. ಸೊಸೆ ಮೂಗಿಗೆ ಹಿಡಿದು ನೋಡಿ ಸಂಶಯಪಟ್ಟಿದ್ದಳಂತೆ.

ಮಾಲೀಕರು ಪೊಟ್ಟಣ ತಿರುಗಿಸಿ ನೋಡಿದರು. ಹಸಿರು ಚುಕ್ಕೆ ಇತ್ತು. "ಓರೆಗಾನೊ ಸೀಸನಿಂಗ್" ಎಂದಿತ್ತು. ಒಳಗೆ ಏನೇನಿದೆ ಎಂಬ ಪಟ್ಟಿ ಇರಲಿಲ್ಲ. ಪೆಟ್ಟಿಗೆ ಎಲ್ಲಿ ಎಂದು ಹುಡುಕಿದರೆ ಅದು ಯಾವತ್ತೋ ರದ್ದಿಯವನ ಪಾಲಾಗಿತ್ತು. ಎರಡು ದಿನದ ಮೇಲೆ ಹೊಸ ಮಾಲು ಬಂದಾಗ ಪೆಟ್ಟಿಗೆಯ ಅಡಿಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಓದಿದರು: ಓರೆಗಾನೊ, ಉಪ್ಪು, ಮೆಣಸು, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ.

ಅವರು ಅಂದೇ ಸಂಜೆ ಆ ತಾಯಿಯ ಮನೆಗೆ ಹೋದರು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ತಪ್ಪಾಯಿತು ಎಂದು ಕೈ ಮುಗಿದರು. ಆಕೆ ಕೂಗಾಡಲಿಲ್ಲ. ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬ ತಂದು ಮುಂದಿಟ್ಟರು. ತುಂಬ ಅದೇ ಪೊಟ್ಟಣಗಳು. ವರ್ಷದಿಂದ ಕೂಡಿಟ್ಟದ್ದು. ಮನೆಯಲ್ಲಿ ಮಾಡಿದ ಖಾಖ್ರಾಕ್ಕೆ, ಮಮರಾಕ್ಕೆ, ಮೊಮ್ಮಕ್ಕಳ ಡಬ್ಬಿಗೆ ಅದನ್ನೇ ಉದುರಿಸುತ್ತಿದ್ದರು. ಅದೇ ಮಹಡಿಯ ಮೂರು ಮನೆಗಳಿಗೆ ಹಂಚಿದ್ದರು. ಬೆಳ್ಳುಳ್ಳಿಯನ್ನು ಜನ್ಮದಲ್ಲಿ ಮುಟ್ಟದ ತಮ್ಮ ಅತ್ತೆಗೂ ಬಡಿಸಿದ್ದರು. "ನಿಮ್ಮ ಹೋಟೆಲಿನದು ಎಂದೇ ಕೊಟ್ಟೆ" ಎಂದರಂತೆ. ಅಷ್ಟೇ ಮಾತು.

ನಮ್ಮ ಸದಸ್ಯರು ಇದನ್ನು ನಮಗೆ ಹೇಳುವಾಗ ಸಭೆಯಲ್ಲಿ ಯಾರೂ ನಗಲಿಲ್ಲ. ನಾವು ಕೊಟ್ಟ ಪೊಟ್ಟಣ ನಮ್ಮ ಪಿಜ್ಜಾದ ಜೊತೆಗೇ ಮುಗಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದು ಡಬ್ಬ ಸೇರಿ, ತಿಂಗಳುಗಟ್ಟಲೆ ಕುಳಿತು, ನಮಗೆ ಗುರುತಿಲ್ಲದವರ ತಟ್ಟೆಗೆ ಹೋಗುತ್ತದೆ. ಹೋಗುವಾಗ ನಮ್ಮ ಹೋಟೆಲಿನ ಹೆಸರನ್ನೂ ಜೊತೆಗೆ ಒಯ್ಯುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆವು. ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮದಲ್ಲಿ 100 ಚದರ ಸೆಂಟಿಮೀಟರಿಗೆ ಮೀರದ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ ಅಚ್ಚು ಹಾಕಬೇಕೆಂಬ ಕಡ್ಡಾಯವಿಲ್ಲ. 30 ಚದರ ಸೆಂಟಿಮೀಟರಿಗಿಂತ ಚಿಕ್ಕದಾದರೆ ತಾರೀಕಿಗೂ ವಿನಾಯಿತಿ ಇದೆ. ಆದರೆ ಇದೆಲ್ಲವೂ ಅವು ತುಂಬಿ ಬರುವ ದೊಡ್ಡ ಪೆಟ್ಟಿಗೆಯ ಮೇಲೆ ಇರಲೇಬೇಕು. ಅಂದರೆ ಗಿರಾಕಿಗೆ ತಿಳಿಯಬೇಕಾದ ವಿಷಯವೆಲ್ಲ ನಮ್ಮ ಕೋಣೆಯ ಮೂಲೆಯಲ್ಲಿರುವ ರಟ್ಟಿನ ಮೇಲಿರುತ್ತದೆ, ಅದನ್ನು ನಾವು ರದ್ದಿಗೆ ಹಾಕುತ್ತೇವೆ. ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ; ಬೆಳ್ಳುಳ್ಳಿಯೂ ಸಸ್ಯವೇ. ಬರಿಯ "ಓರೆಗಾನೊ" ಎಂದರೆ ಎಲೆ, "ಓರೆಗಾನೊ ಸೀಸನಿಂಗ್" ಎಂದರೆ ಮಿಶ್ರಣ. ಈ ಒಂದು ಪದದ ವ್ಯತ್ಯಾಸವನ್ನು ಖರೀದಿ ನೋಡಿಕೊಳ್ಳುವವರು ಗಮನಿಸಬೇಕು.

ಬರಿಯ ಎಲೆ ಎಂದು ಬಂದದ್ದೂ ಬರಿಯ ಎಲೆಯೇ ಎಂಬ ಖಾತ್ರಿಯಿಲ್ಲ. 2015ರಲ್ಲಿ ಬ್ರಿಟನ್ನಿನ ವಿಚ್ ಎಂಬ ಗ್ರಾಹಕ ಸಂಸ್ಥೆ ಅಂಗಡಿಗಳಿಂದ 78 ಮಾದರಿ ತರಿಸಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿತು. ನಾಲ್ಕರಲ್ಲೊಂದರಲ್ಲಿ ಆಲಿವ್ ಮತ್ತು ಮಿರ್ಟಲ್ ಗಿಡದ ಎಲೆ ಬೆರೆತಿತ್ತು. ಅಲ್ಲಿಯೇ ಹೀಗಾದರೆ ಅತಿ ಅಗ್ಗದ ದರ ಹೇಳಿಕೊಂಡು ಬರುವ ಏಜೆಂಟನ ಮಾಲನ್ನು ಒಂದು ಚಿಟಿಕೆ ಅಂಗೈಯಲ್ಲಿ ಉಜ್ಜಿ ಮೂಸಿ ನೋಡುವುದು ಲೇಸು. ಓಮದ ಘಾಟು ಬರದಿದ್ದರೆ ಹಿಂದಕ್ಕೆ ಕಳಿಸಿ. ಇಂಥ ವಿಷಯದಲ್ಲಿ ಅಜ್ಜಿಯ ಮೂಗೇ ಪ್ರಯೋಗಶಾಲೆ.

ಚಿಲ್ಲಿ ಫ್ಲೇಕ್ಸನ್ನು ಹೊರಗಿನಿಂದ ತರಿಸುವುದಂತೂ ನಮ್ಮಂಥವರಿಗೆ ನಾಚಿಕೆಯ ಮಾತು ಎಂದು ನಮ್ಮ ಅಭಿಪ್ರಾಯ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಬಣ್ಣಕ್ಕೆ ಅದನ್ನು ಮೀರಿಸುವುದಿಲ್ಲ, ಖಾರ ಕಡಿಮೆ. ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ತೆಗೆದುಕೊಂಡು ತೊಟ್ಟು ಬಿಡಿಸಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಗರಿಗರಿಯಾಗುವಷ್ಟು ಮಾತ್ರ ಬಿಸಿ ಮಾಡಿ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಬಿಸಿಯಿರುವಾಗ ತಿರುಗಿಸಿದರೆ ಪುಡಿಯಾಗುತ್ತದೆ, ಮುಚ್ಚಿಟ್ಟರೆ ಬೆವರಿ ಬೂಸ್ಟು ಹಿಡಿಯುತ್ತದೆ. ಗಾಜಿನ ಬಾಟಲಿಯಲ್ಲಿ ಬೆಳಕು ಬೀಳದ ಕಡೆ ಇಡಿ. ಹದಿನೈದು ದಿನಕ್ಕಾಗುವಷ್ಟೇ ಮಾಡಿ. ಪೊಟ್ಟಣದ ಮಾಲಿಗೂ ಇದಕ್ಕೂ ಇರುವ ಅಂತರ ಗಿರಾಕಿಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಮೇಜಿನ ಮೇಲೆ ಉಳಿದ ಪೊಟ್ಟಣಗಳನ್ನು ಆರಿಸಿ ಮತ್ತೆ ಕೊಡಬಹುದೇ ಎಂದು ಕೆಲವರು ಕೇಳಿದರು. ಹೆಚ್ಚಿನ ಹೋಟೆಲುಗಳಲ್ಲಿ ಇದು ನಡೆಯುತ್ತದೆ, ಮುಚ್ಚುಮರೆ ಯಾಕೆ? ಒಣಗಿದ್ದು, ಅಂಚು ಹರಿಯದೆ ಇದ್ದರೆ ಒರೆಸಿ ಮೇಜಿಗೇ ಮತ್ತೆ ಇಡುವುದರಲ್ಲಿ ನಮಗೆ ದೊಡ್ಡ ದೋಷ ಕಾಣುವುದಿಲ್ಲ. ಆದರೆ ಒಮ್ಮೆ ಗಿರಾಕಿಯ ಮನೆ ಹೊಕ್ಕು ಮರಳಿದ್ದನ್ನು ಮುಟ್ಟಲೇಬಾರದು. ಎಷ್ಟು ಕಾಲ, ಎಂಥ ಬಿಸಿಯಲ್ಲಿ, ಯಾವ ಒದ್ದೆ ಕೈಯಲ್ಲಿ ಇತ್ತೋ ಯಾರಿಗೆ ಗೊತ್ತು? ಚೀಸ್ ಡಿಪ್, ಮೇಯೊನೀಸ್ ಇರುವ ಕಪ್ಪುಗಳದ್ದು ಬೇರೆಯೇ ಲೆಕ್ಕ. ಕಪ್ಪಿನ ಮೇಲೆ ತಂಪಿನಲ್ಲಿಡಿ ಎಂದು ಬರೆದಿದ್ದರೆ ಹಾಗೆಯೇ ಇಡಬೇಕು, ಹೊರಗೆ ಬಿದ್ದುಳಿದದ್ದನ್ನು ಎಸೆಯಬೇಕು.

ಪ್ಲಾಸ್ಟಿಕ್ಕಿನ ವಿಷಯಕ್ಕೂ ಒಂದು ಮಾತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಸಾಸಿನ, ಮಸಾಲೆಯ ಪೊಟ್ಟಣ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಪದರ ಪದರವಾಗಿ ಪ್ಲಾಸ್ಟಿಕ್ಕೂ ಲೋಹವೂ ಸೇರಿದ ಈ ಹಾಳೆಯನ್ನು ಗುಜರಿಯವನೂ ಆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಗಿರಾಕಿ ಕೇಳದೆ ಪೊಟ್ಟಣ ಕೊಡುವಂತಿಲ್ಲ. ಐರೋಪ್ಯ ಒಕ್ಕೂಟ 2025ರಲ್ಲಿ ತಂದ ನಿಯಮದ ಪ್ರಕಾರ 2030ರಿಂದ ಹೋಟೆಲಿನೊಳಗೆ ಕುಳಿತು ತಿನ್ನುವವರಿಗೆ ಪ್ಲಾಸ್ಟಿಕ್ಕಿನ ಇಂಥ ಪುಟ್ಟ ಪೊಟ್ಟಣ ಇಡುವಂತಿಲ್ಲ, ಪಾರ್ಸೆಲ್ಲಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಕಾನೂನು ಬರುವ ಮೊದಲೇ ಆ್ಯಪಿನವರು ದಾರಿ ತೋರಿದ್ದಾರೆ: 2021ರಲ್ಲಿ ಜೊಮ್ಯಾಟೊ, ಗಿರಾಕಿ ತಾನಾಗಿ ಕೇಳಿದರೆ ಮಾತ್ರ ಚಮಚ, ಟಿಶ್ಯೂ ಕಳಿಸುವ ಪದ್ಧತಿ ತಂದಿತು. ಚಮಚಕ್ಕೆ ನಡೆದದ್ದು ಪೊಟ್ಟಣಕ್ಕೆ ಯಾಕೆ ನಡೆಯಬಾರದು? "ಓರೆಗಾನೊ ಬೇಕೇ, ಎಷ್ಟು?" ಎಂದು ಆರ್ಡರ್ ಬರೆದುಕೊಳ್ಳುವಾಗಲೇ ಕೇಳಿದರೆ ಗಿರಾಕಿಗೆ ಅವಮಾನವೇನೂ ಆಗುವುದಿಲ್ಲ. ಕೇಳಿಸಿಕೊಂಡ ಹಲವರು "ಬೇಡ, ಮನೆಯಲ್ಲಿ ರಾಶಿ ಇದೆ" ಎನ್ನುತ್ತಾರೆ. ಪುಣೆಯ ನಮ್ಮ ಮಿತ್ರರು ಆರು ತಿಂಗಳಿಂದ ಹೀಗೆ ಮಾಡುತ್ತಿದ್ದಾರೆ, ಒಂದು ಜಗಳವೂ ಆಗಿಲ್ಲ ಎನ್ನುತ್ತಾರೆ.

ಆ ಉಪನಗರದ ಹೋಟೆಲಿನ ಮಾಲೀಕರು ಮಿಶ್ರಣದ ಪೊಟ್ಟಣ ತರಿಸುವುದನ್ನು ಪೂರ್ತಿ ನಿಲ್ಲಿಸಿದ್ದಾರೆ. ಓರೆಗಾನೊ ಎಲೆಯನ್ನು ಕಿಲೋ ಲೆಕ್ಕದಲ್ಲಿ ತರಿಸಿ, ಅದಕ್ಕೆ ಉಪ್ಪು, ತಮ್ಮದೇ ಮೆಣಸಿನ ಚೂರು ಸೇರಿಸಿ ಬಾಟಲಿಗೆ ತುಂಬುತ್ತಾರೆ. ಬಾಟಲಿಯ ಮೇಲೆ ಕೈಬರಹದಲ್ಲಿ ಗುಜರಾತಿ, ಹಿಂದಿ ಎರಡರಲ್ಲೂ ಒಳಗೇನಿದೆ ಎಂಬ ಚೀಟಿ, ತಯಾರಿಸಿದ ದಿನಾಂಕ. ಪಾರ್ಸೆಲ್ಲಿಗೆ ಬೆಣ್ಣೆಕಾಗದದಲ್ಲಿ ಮಡಚಿ ಕೊಡುತ್ತಾರೆ, ಹಿಂದೆ ನಮ್ಮ ಹಿರಿಯರು ಇಡ್ಲಿಯ ಜೊತೆ ಚಟ್ನಿಪುಡಿಯನ್ನು ಕಾಗದದಲ್ಲಿ ಕಟ್ಟಿಕೊಡುತ್ತಿದ್ದಂತೆ. ಮಡಚುವುದಕ್ಕೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಇಬ್ಬರು ಹುಡುಗರು ಕೂರಬೇಕಾಗುತ್ತದೆ. ಅದೊಂದು ಹೊಸ ಖರ್ಚು ಎಂಬುದನ್ನು ಅವರು ಅಲ್ಲಗಳೆಯುವುದಿಲ್ಲ.

ಆ ತಾಯಿ ಎರಡು ತಿಂಗಳು ಬರಲಿಲ್ಲ. ಮೂರನೆಯ ತಿಂಗಳು ಸೊಸೆ ಬಂದು ಚೀಟಿ ಓದಿ ಹೋದಳು. ಈಗ ಮತ್ತೆ ಆರ್ಡರ್ ಬರುತ್ತಿದೆ. ಬರುವಾಗ ಒಂದು ಚಿಕ್ಕ ಸ್ಟೀಲ್ ಡಬ್ಬಿ ಕಳಿಸುತ್ತಾರೆ, ಪಾರ್ಸೆಲ್ ಹುಡುಗ ಅದಕ್ಕೆ ಎರಡು ಚಮಚ ಹಾಕಿಕೊಡುತ್ತಾನೆ. ಅದೇ ಮಹಡಿಯ ಇನ್ನೊಂದು ಮನೆಯವರೂ ಕಳೆದ ವಾರ ಡಬ್ಬಿ ಕಳಿಸಿದ್ದರಂತೆ.

ನಮ್ಮ ಫ್ರಿಜ್ಜಿನ 63ರಲ್ಲಿ ತಾರೀಕು ಮೀರಿದ್ದು, ಉಬ್ಬಿದ್ದು, ಅಂಚು ಬಿಟ್ಟದ್ದು ಎಂದು 27 ತೆಗೆದುಹಾಕಿದೆವು. ಉಳಿದವನ್ನು ಮನೆಯಾಕೆ ಎಣಿಸಿ ಮತ್ತೆ ಮೊಟ್ಟೆಯ ಗುಳಿಗಳಲ್ಲಿ ಜೋಡಿಸಿಟ್ಟಿದ್ದಾರೆ.